ದಾರಿಬದಿಯ ಒರತೆಯ ನೀರು: ಕುಡಿಯುವ ಮುನ್ನ ಮೇಲಿನ ಗುಡ್ಡವನ್ನು ನೋಡಿ

ಸಭೆಯಲ್ಲಿ ನೆರೆದಿರುವ ಎಲ್ಲರಿಗೂ ನಮಸ್ಕಾರ.

ಬೆಟ್ಟದ ರಸ್ತೆಗಳಲ್ಲಿ ಓಡಾಡಿದವರೆಲ್ಲ ಕಂಡಿರುವ ನೋಟವೊಂದಿದೆ. ಬಂಡೆಯ ಸಂದಿನಿಂದ ಸದಾ ನೀರು ಇಳಿಯುವ ಒಂದು ತಾಣ. ಆ ಸಂದಿಗೆ ಯಾರೋ ಎಂದೋ ಸಿಕ್ಕಿಸಿಹೋದ ಒಂದು ಕೊಳವೆ. ಅದರ ಮುಂದೆ ಸಾಲಾಗಿ ನಿಂತ ವಾಹನಗಳು. ಕ್ಯಾನು, ಕೊಡ, ಬಾಟಲಿಗಳನ್ನು ಹಿಡಿದು ಸರದಿಗಾಗಿ ಕಾಯುತ್ತಿರುವ ಜನ. ಮನೆಯಲ್ಲಿ ನಲ್ಲಿ ಇದ್ದವರೂ ಇಲ್ಲಿಗೆ ಬರುತ್ತಾರೆ, ಬೇರೆ ನೀರೇ ಇಲ್ಲದವರೂ ಬರುತ್ತಾರೆ. ನೀರು ತಣ್ಣಗಿರುತ್ತದೆ, ತಿಳಿಯಾಗಿರುತ್ತದೆ, ಕ್ಲೋರಿನ್ ವಾಸನೆ ಇರುವುದಿಲ್ಲ, ಹಗಲು ರಾತ್ರಿ ಹರಿಯುತ್ತದೆ, ಯಾರೂ ಹಣ ಕೇಳುವುದಿಲ್ಲ. ಈ ನೀರಿನ ಮೇಲೆ ಜನರಿಗಿರುವ ಪ್ರೀತಿಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆ ಪ್ರೀತಿ ಯಾರ ಆರೋಗ್ಯಕ್ಕೂ ಮುಳುವಾಗಬಾರದು ಎಂಬ ಕಾಳಜಿಯಿಂದಲೇ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒರತೆಯ ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಕೊಳವೆಯ ಮುಂದೆ ನಿಂತು ತೀರ್ಮಾನಿಸಲು ಆಗುವುದಿಲ್ಲ. ಆ ನೀರು ಎಲ್ಲಿ ಇಂಗಿತು, ಯಾವ ಹಾದಿಯಲ್ಲಿ ಬಂತು, ಎಷ್ಟು ಕಾಲ ನೆಲದೊಳಗೆ ಇತ್ತು ಎಂಬ ಮೂರು ಸಂಗತಿಗಳೇ ಅದನ್ನು ನಿರ್ಧರಿಸುತ್ತವೆ. ಆ ಮೂರೂ ಸಂಗತಿಗಳು ಇರುವುದು ನಮ್ಮ ತಲೆಯ ಮೇಲಿರುವ ಗುಡ್ಡದಲ್ಲಿ.

ಒರತೆಯ ನೀರು ಮೂಲತಃ ಮಳೆಯ ನೀರೇ ಎಂಬುದು ಇಂದು ನಮಗೆ ಸಹಜವಾಗಿ ತೋರುತ್ತದೆ. ಆದರೆ ಸಮುದ್ರದ ನೀರು ಭೂಮಿಯೊಳಗಿನ ಗುಪ್ತ ಮಾರ್ಗಗಳಿಂದ ಬೆಟ್ಟಗಳಿಗೆ ಏರಿ, ದಾರಿಯಲ್ಲಿ ಉಪ್ಪನ್ನು ಕಳೆದುಕೊಂಡು ಒರತೆಯಾಗಿ ಹೊಮ್ಮುತ್ತದೆ ಎಂದು ಪಂಡಿತರೇ ಶತಮಾನಗಳ ಕಾಲ ನಂಬಿದ್ದರು. ಫ್ರಾನ್ಸಿನ ಪಿಯರ್ ಪೆರೊ 1674ರಲ್ಲಿ ಸೇನ್ ನದಿಯ ಮೇಲ್ಭಾಗದ ಒಂದು ಪ್ರದೇಶದಲ್ಲಿ ಬೀಳುವ ಮಳೆಯನ್ನೂ ಅಲ್ಲಿ ನದಿಯಲ್ಲಿ ಹರಿಯುವ ನೀರನ್ನೂ ಲೆಕ್ಕ ಹಾಕಿ, ಮಳೆ ಹರಿವಿನ ಸುಮಾರು ಆರು ಪಟ್ಟು ಇದೆಯೆಂದು ತೋರಿಸಿದ ಮೇಲೆ ಆ ನಂಬಿಕೆ ಸಡಿಲಗೊಂಡಿತು. ನದಿಗೂ ಒರತೆಗೂ ಬೇಕಾದಷ್ಟು ನೀರು ಆಕಾಶದಿಂದಲೇ ಬೀಳುತ್ತದೆ. ಇದರ ಇನ್ನೊಂದು ಅರ್ಥವನ್ನೂ ಗಮನಿಸಬೇಕು: ನಾವು ಕುಡಿಯುವ ಒರತೆಯ ನೀರು ಒಂದಾನೊಂದು ದಿನ ಯಾವುದೋ ಇಳಿಜಾರಿನ ಮೇಲೆ, ಅಲ್ಲಿನ ಮಣ್ಣು, ತರಗೆಲೆ, ಸಗಣಿ, ಗೊಬ್ಬರಗಳ ಮೇಲೆ ಬಿದ್ದ ನೀರು.

ಹೀಗೆ ಬಿದ್ದ ನೀರಿನಲ್ಲಿ ಒಂದು ಪಾಲು ಮಣ್ಣಿನೊಳಗೆ ಇಂಗಿ, ಕೆಳಗಿನ ಶಿಲೆಯ ಬಿರುಕುಗಳಲ್ಲಿ ಅಥವಾ ಮರಳಿನ ಪದರಗಳಲ್ಲಿ ಸಾಗುತ್ತದೆ. ಜೇಡಿಮಣ್ಣಿನಂಥ ಅಥವಾ ಗಟ್ಟಿ ಶಿಲೆಯಂಥ, ನೀರನ್ನು ಒಳಬಿಡದ ಪದರ ಎದುರಾದರೆ ಅದರ ಮೇಲೆಯೇ ಪಕ್ಕಕ್ಕೆ ಹರಿದು, ಆ ಪದರ ಇಳಿಜಾರಿನ ಮೈಯಲ್ಲಿ ಬಯಲಾಗುವ ಕಡೆ ಹೊರಬರುತ್ತದೆ. ಬಿರುಕೊಂದು ನೇರವಾಗಿ ಹೊರಮೈಗೆ ತೆರೆದುಕೊಂಡಿದ್ದರೆ ಅಲ್ಲಿಂದ ಚಿಮ್ಮುತ್ತದೆ. ಸುಣ್ಣದಕಲ್ಲಿನ ಬೆಟ್ಟಗಳಲ್ಲಿ ನೀರು ಕಲ್ಲನ್ನೇ ಕರಗಿಸಿ ಕೊರೆದ ಸುರಂಗಗಳಿರುತ್ತವೆ. ಅಲ್ಲಿಯ ಕೆಲವು ಒರತೆಗಳು ಹುಟ್ಟುವಾಗಲೇ ಹೊಳೆಯಷ್ಟು ದೊಡ್ಡದಾಗಿರುತ್ತವೆ.

ನೆಲ ನೀರನ್ನು ಶುದ್ಧಗೊಳಿಸುತ್ತದೆ ಎಂಬ ಮಾತು ನಿಜ, ಆದರೆ ಎಲ್ಲ ನೆಲಕ್ಕೂ ಅನ್ವಯಿಸುವ ನಿಜವಲ್ಲ. ಸಣ್ಣ ಕಣಗಳ ಮಣ್ಣಿನಲ್ಲೂ ಮರಳಿನಲ್ಲೂ ನೀರು ನಿಧಾನವಾಗಿ ಜಿನುಗುವಾಗ ರೋಗಾಣುಗಳು ಕಣಗಳಿಗೆ ಅಂಟಿಕೊಳ್ಳುತ್ತವೆ, ಆಹಾರವಿಲ್ಲದೆ ಕ್ಷೀಣಿಸುತ್ತವೆ, ಮಣ್ಣಿನ ಇತರ ಜೀವಿಗಳಿಗೆ ತುತ್ತಾಗುತ್ತವೆ. ಇಲ್ಲಿ ಕೆಲಸ ಮಾಡುವುದು ಸೋಸುವಿಕೆಯಷ್ಟೇ ಅಲ್ಲ, ಕಾಲವೂ ಹೌದು. ಜರ್ಮನಿಯಲ್ಲಿ ಕುಡಿಯುವ ನೀರಿನ ಮೂಲದ ಸುತ್ತ ರಕ್ಷಣಾ ವಲಯವನ್ನು ಗುರುತಿಸುವಾಗ, ಅಂತರ್ಜಲ ಆ ಮೂಲವನ್ನು ತಲುಪಲು 50 ದಿನ ತೆಗೆದುಕೊಳ್ಳುವ ಗಡಿಯನ್ನು ಲೆಕ್ಕಕ್ಕೆ ಹಿಡಿಯುವುದು ಇದೇ ಕಾರಣದಿಂದ. ಬಿರುಕುಬಿಟ್ಟ ಶಿಲೆಯಲ್ಲಿ, ಅದರಲ್ಲೂ ಸುಣ್ಣದಕಲ್ಲಿನಲ್ಲಿ, ಈ ಕಾಲಾವಕಾಶ ಸಿಗುವುದಿಲ್ಲ. ಡ್ಯಾನ್ಯೂಬ್ ನದಿಯ ನೀರು ಮೇಲ್ಭಾಗದಲ್ಲಿ ಒಂದು ಕಡೆ ನೆಲದೊಳಗೆ ಮಾಯವಾಗುತ್ತದೆ. 1877ರಲ್ಲಿ ಅಡಾಲ್ಫ್ ಕ್ನೋಪ್ ಎಂಬ ಭೂವಿಜ್ಞಾನಿ ಅಲ್ಲಿ ಹಸಿರು ಹೊಳೆಯುವ ಬಣ್ಣವನ್ನೂ ಟನ್ನುಗಟ್ಟಲೆ ಉಪ್ಪನ್ನೂ ಸುರಿಸಿದಾಗ, ಸುಮಾರು 12 ಕಿಲೋಮೀಟರ್ ದೂರದ ಆಖ್ ಒರತೆಯಲ್ಲಿ ಅವು ಸುಮಾರು 60 ಗಂಟೆಗಳಲ್ಲಿ ಕಾಣಿಸಿಕೊಂಡವು. ನೆಲದಡಿಯ ನೀರು ಕೆಲವೆಡೆ ಅಷ್ಟು ಬೇಗ ಓಡುತ್ತದೆ.

ಒರತೆಯನ್ನು ನಂಬಿದ ಊರೊಂದರ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಮೀಪ ಲೌಸೆನ್ ಎಂಬ ಹಳ್ಳಿಯಿದೆ. 1872ರಲ್ಲಿ ಅಲ್ಲಿ ಸುಮಾರು 800 ಜನ ವಾಸವಾಗಿದ್ದರು. ಬೆಟ್ಟದ ಬುಡದ ಒಂದು ಒರತೆಯಿಂದ ಕೊಳವೆಯ ಮೂಲಕ ಬಂದ ನೀರು ಊರಿನ ಸಾರ್ವಜನಿಕ ತೊಟ್ಟಿಗಳಿಗೆ ಬೀಳುತ್ತಿತ್ತು; ಕೆಲವೇ ಮನೆಗಳಿಗೆ ಸ್ವಂತ ಬಾವಿಗಳಿದ್ದವು. ಹಲವು ದಶಕಗಳಿಂದ ವಿಷಮಶೀತ ಜ್ವರದ ಸುಳಿವೇ ಇಲ್ಲದಿದ್ದ ಆ ಊರಿನಲ್ಲಿ ಆ ವರ್ಷದ ಆಗಸ್ಟ್ ತಿಂಗಳಲ್ಲಿ ಮನೆಮನೆಯಲ್ಲೂ ಜ್ವರ ಕಾಣಿಸಿಕೊಂಡಿತು, ಮತ್ತು ಒಟ್ಟು ಸುಮಾರು 130 ಜನ ಮಲಗಿದರು. ಸ್ವಂತ ಬಾವಿಯ ನೀರು ಕುಡಿಯುತ್ತಿದ್ದ ಮನೆಗಳನ್ನು ಮಾತ್ರ ಅದು ಮುಟ್ಟಲಿಲ್ಲ. ಎಲ್ಲರ ಗಮನ ಒರತೆಯ ಕಡೆ ತಿರುಗಿತು.

ಒರತೆಯ ಸುತ್ತ ಕೊಳಕು ಇರಲಿಲ್ಲ. ಹುಡುಕಾಟ ಬೆಟ್ಟವನ್ನು ದಾಟಿ ಆಚೆಯ ಕಣಿವೆಗೆ ಹೋಯಿತು. ಅಲ್ಲಿನ ಒಂದು ಒಂಟಿ ತೋಟದಮನೆಯಲ್ಲಿ, ಪರಊರಿನಿಂದ ಮರಳಿದ್ದ ರೈತನೊಬ್ಬನಿಗೆ ಜೂನ್ ತಿಂಗಳಲ್ಲೇ ಇದೇ ಜ್ವರ ಬಂದಿತ್ತು; ಆ ಮನೆಯ ಕೊಳಚೆ ಪಕ್ಕದ ಹಳ್ಳಕ್ಕೆ ಸೇರುತ್ತಿತ್ತು. ಜುಲೈ ನಡುವೆ ಆ ಹಳ್ಳದ ನೀರನ್ನು ಕಟ್ಟಿ ಹುಲ್ಲುಗಾವಲಿಗೆ ಹಾಯಿಸಿದ್ದರು, ಮತ್ತು ಅದೇ ಸಮಯಕ್ಕೆ ಬೆಟ್ಟದ ಈಚೆಯ ಲೌಸೆನ್‌ನಲ್ಲಿ ನೀರು ಕದಡಿ ರುಚಿ ಕೆಟ್ಟಿತ್ತು. ಹಳ್ಳದ ಬಳಿ ನೀರು ನುಂಗುವ ಒಂದು ಬಿಲವಿದ್ದುದು ಜನರಿಗೆ ಮೊದಲೇ ಗೊತ್ತಿತ್ತು. ತನಿಖೆ ಮಾಡುತ್ತಿದ್ದವರು ಆ ಬಿಲಕ್ಕೆ ಉಪ್ಪನ್ನು ಕರಗಿಸಿ ಸುರಿಸಿದರು. ಕೆಲವು ಗಂಟೆಗಳಲ್ಲಿ ಲೌಸೆನ್‌ನ ಒರತೆ ಉಪ್ಪಾಯಿತು. ಬಳಿಕ ನೀರಿನಲ್ಲಿ ಕಲಸಿದ ಹಿಟ್ಟನ್ನು ರಾಶಿಗಟ್ಟಲೆ ಸುರಿಸಿದರು; ಒರತೆಯಲ್ಲಿ ಹಿಟ್ಟಿನ ಸುಳಿವೂ ಸಿಗಲಿಲ್ಲ.

ಈ ಎರಡನೆಯ ಪ್ರಯೋಗದ ಮುಂದೆ ನಾನು ಪ್ರತಿ ಬಾರಿಯೂ ನಿಲ್ಲುತ್ತೇನೆ. ಹಿಟ್ಟಿನ ಕಣಗಳನ್ನು ತಡೆದು ನಿಲ್ಲಿಸುವಷ್ಟು ಚೆನ್ನಾಗಿ ಆ ಬೆಟ್ಟ ನೀರನ್ನು ಸೋಸುತ್ತಿತ್ತು, ಮತ್ತು ಹಾಗೆ ಸೋಸಿ ಬಂದ ನೀರೇ ಊರಿನ ಆರರಲ್ಲಿ ಒಬ್ಬರನ್ನು ಹಾಸಿಗೆಗೆ ಕೆಡವಿತ್ತು. ವಿಷಮಶೀತದ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದು 1880ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ ಈ ಪ್ರಯೋಗ, ತಿಳಿಯಾದ ನೀರು ನಿರಪಾಯವಾದ ನೀರಲ್ಲ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟಿತ್ತು. ಕೆರೆಯ ಅಥವಾ ಹೊಳೆಯ ನೀರು ಕದಡಿದ್ದರೆ ನಾವು ಎಚ್ಚರವಾಗುತ್ತೇವೆ. ಒರತೆಯ ನೀರಿನಲ್ಲಿ ಆ ಎಚ್ಚರಿಕೆಯ ಗುರುತನ್ನು ಬೆಟ್ಟವೇ ಸೋಸಿ ಉಳಿಸಿಕೊಂಡು, ಅಪಾಯವನ್ನು ಮಾತ್ರ ಮುಂದಕ್ಕೆ ಬಿಟ್ಟಿರುವ ಸಾಧ್ಯತೆ ಇದೆ.

ಇನ್ನು ರಸ್ತೆಯ ವಿಚಾರ. ದಾರಿಬದಿಯ ಬಹಳಷ್ಟು ಒರತೆಗಳು ರಸ್ತೆಗಾಗಿ ಇಳಿಜಾರನ್ನು ಕಡಿದಾಗ ಬಯಲಾದವು. ಆಳದಲ್ಲಿ ಸಾಗುತ್ತಿದ್ದ ನೀರಿನ ಎಳೆಗೆ ಆ ಕಡಿತ ತಾಗಿದ್ದರೆ ಸಿಗುವುದು ಒಳ್ಳೆಯ ನೀರೇ ಇರಬಹುದು. ಆದರೆ ಮೇಲ್ಪದರದಲ್ಲಿ ಇಂಗಿ ಕೆಲವೇ ಗಂಟೆಗಳಲ್ಲಿ ಜಾರಿ ಬರುವ ನೀರೂ ಅದೇ ಕಡಿತದಲ್ಲಿ ಅದೇ ಬಗೆಯಲ್ಲಿ ಇಳಿಯುತ್ತದೆ. ಇನ್ನೂ ಕೆಲವೆಡೆ ಕೊಳವೆಯಲ್ಲಿ ಬರುವುದು ಒರತೆಯ ನೀರೇ ಆಗಿರುವುದಿಲ್ಲ. ಮೇಲೆಲ್ಲೋ ಬಯಲಲ್ಲಿ ಹರಿಯುವ ಹಳ್ಳಕ್ಕೆ ಕೊಳವೆಯ ಇನ್ನೊಂದು ತುದಿಯನ್ನು ಇಳಿಬಿಟ್ಟಿರುತ್ತಾರೆ. ಕೆಳಗೆ ನಿಂತವರಿಗೆ ಎರಡೂ ಒಂದೇ. ಮೇಲಿನ ತಿರುವಿನಲ್ಲೂ ಅದೇ ರಸ್ತೆ ಹಾದುಹೋಗುವ ಘಾಟಿಯಾಗಿದ್ದರೆ, ವಾಹನಗಳಿಂದ ಸೋರಿದ ಎಣ್ಣೆ, ಟೈರುಗಳ ಸವಕಲು ಪುಡಿ, ಹಿಮ ಬೀಳುವ ಸೀಮೆಗಳಲ್ಲಿ ರಸ್ತೆಗೆ ಎರಚುವ ಉಪ್ಪು, ಇವೆಲ್ಲ ಚರಂಡಿಯ ಮೂಲಕ ಕೆಳಗಿನ ಇಳಿಜಾರಿಗೆ ಸೇರುತ್ತವೆ.

ಆದ್ದರಿಂದ ನನ್ನ ಮೊದಲ ಸಲಹೆ ಬಹಳ ಸರಳವಾದದ್ದು. ಒಂದು ಒರತೆಯ ನೀರನ್ನು ಮನೆಗೆ ಒಯ್ಯುವ ಅಭ್ಯಾಸವಿದ್ದರೆ, ಒಮ್ಮೆ ಬಿಡುವು ಮಾಡಿಕೊಂಡು ಕೊಳವೆಯ ಜಾಡು ಹಿಡಿದು ಮೇಲಕ್ಕೆ ನಡೆಯಿರಿ. ಅದು ಯಾರದೋ ಜಮೀನಾಗಿದ್ದರೆ ಅವರನ್ನು ಕೇಳಿಯೇ ಹೋಗಿ. ಕೊಳವೆ ಬಂಡೆಯೊಳಗೆ ಹೋಗುತ್ತದೆಯೇ, ಬಯಲ ನೀರಿಗೆ ಸೇರುತ್ತದೆಯೇ ಎಂಬುದು ಮೊದಲು ತಿಳಿಯಬೇಕು. ನಂತರ ಮೇಲೆ ಮನೆಗಳಿವೆಯೇ, ಅವುಗಳ ಶೌಚಗುಂಡಿ ಎಲ್ಲಿದೆ, ದನಕರುಗಳು ಎಲ್ಲಿ ಮೇಯುತ್ತವೆ, ಗೊಬ್ಬರ ಮತ್ತು ಕೀಟನಾಶಕ ಬಳಸುವ ಕೃಷಿ ಇದೆಯೇ, ಹಳೆಯ ಗಣಿಯೋ ಕಸದ ರಾಶಿಯೋ ಇದೆಯೇ ಎಂದು ನೋಡಬೇಕು. ಶೌಚಗುಂಡಿಗೂ ನೀರಿನ ಮೂಲಕ್ಕೂ ನಡುವೆ ಕನಿಷ್ಠ 30 ಮೀಟರ್ ಅಂತರವಿರಬೇಕು ಎಂಬ ನಿಯಮ ಬಹಳ ಕಡೆ ಬಳಕೆಯಲ್ಲಿದೆ. ಬಿರುಕು ಶಿಲೆಯ ಇಳಿಜಾರಿನಲ್ಲಿ ಆ ಅಂತರವನ್ನು ನೆಚ್ಚಿ ಕೂರುವಂತಿಲ್ಲ. ಲೌಸೆನ್‌ನಲ್ಲಿ ಅಡ್ಡವಿದ್ದುದು ಇಡೀ ಬೆಟ್ಟ.

ಎರಡನೆಯದಾಗಿ, ಒರತೆಯನ್ನು ಕಾಲಕಾಲಕ್ಕೆ ಗಮನಿಸಬೇಕು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. 10 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ಹಿಡಿದು ನೋಡಿ ಬರೆದಿಟ್ಟುಕೊಳ್ಳಿ. 40 ಸೆಕೆಂಡು ಹಿಡಿದರೆ ನಿಮಿಷಕ್ಕೆ 15 ಲೀಟರ್, ಅಂದರೆ ದಿನಕ್ಕೆ 21,600 ಲೀಟರ್. ಸಣ್ಣದೆಂದು ತೋರುವ ಧಾರೆಯೂ ಎಷ್ಟು ದೊಡ್ಡ ಉಪಕಾರಿ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಅದೇ ಹೊತ್ತಿನಲ್ಲಿ ಥರ್ಮಾಮೀಟರಿನಿಂದ ನೀರಿನ ಉಷ್ಣತೆಯನ್ನೂ ನೋಡಿ. ಆಳದಲ್ಲಿ ದೀರ್ಘಕಾಲ ಇದ್ದು ಬರುವ ನೀರಿನ ಉಷ್ಣತೆ ಆ ಪ್ರದೇಶದ ಗಾಳಿಯ ವಾರ್ಷಿಕ ಸರಾಸರಿ ಉಷ್ಣತೆಗೆ ಹತ್ತಿರವಿದ್ದು, ಋತು ಬದಲಾದರೂ ಹೆಚ್ಚು ಏರಿಳಿಯುವುದಿಲ್ಲ. ಬೇಸಿಗೆಯಲ್ಲಿ ಬೆಚ್ಚಗಾಗಿ ಚಳಿಗಾಲದಲ್ಲಿ ತಣ್ಣಗಾಗುವ ನೀರು ಮೇಲ್ಪದರದಲ್ಲೇ ಸುಳಿದು ಬಂದಿರುವ ಸಂಭವ ಹೆಚ್ಚು. ಜೋರು ಮಳೆ ಬಂದ ಕೆಲವೇ ಗಂಟೆಗಳಲ್ಲಿ ಧಾರೆ ದಪ್ಪವಾಗಿ ನೀರು ಕೆಂಪಗೆ ಕದಡಿತೆಂದರೆ, ಮಳೆಗೂ ಕೊಳವೆಗೂ ನಡುವೆ ನೆಲ ಬಹಳ ತೆಳುವಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ನನ್ನ ದೃಷ್ಟಿಯಲ್ಲಿ ಒರತೆಯ ಬಗ್ಗೆ ಸಾಮಾನ್ಯ ಮನುಷ್ಯನಿಗೆ ಸಿಗುವ ಅತ್ಯಂತ ಬೆಲೆಬಾಳುವ ಸೂಚನೆ ಇದು.

ಮಳೆಯ ಮಾತು ಬಂದಾಗ ಕೆನಡಾದ ವಾಕರ್ಟನ್ ಪಟ್ಟಣವನ್ನು ನೆನೆಯದಿರಲು ಸಾಧ್ಯವಿಲ್ಲ. 2000ದ ಮೇ ತಿಂಗಳಲ್ಲಿ ಸುರಿದ ಭಾರಿ ಮಳೆ ಹೊಲದ ಸಗಣಿಗೊಬ್ಬರದಲ್ಲಿದ್ದ ರೋಗಾಣುಗಳನ್ನು ಬಿರುಕು ಶಿಲೆಯ ಮೇಲಿದ್ದ ಒಂದು ಆಳವಿಲ್ಲದ ಬಾವಿಗೆ ಇಳಿಸಿತು; ನೀರಿಗೆ ಕ್ಲೋರಿನ್ ಸರಿಯಾಗಿ ಸೇರಿಸುತ್ತಿರಲಿಲ್ಲ. ಸುಮಾರು 2,300 ಜನ ಕಾಯಿಲೆ ಬಿದ್ದರು, ಏಳು ಮಂದಿ ತೀರಿಕೊಂಡರು. ಅದು ಒರತೆಯಲ್ಲ, ಬಾವಿ. ಆದರೆ ನೆಲದೊಳಗಿನ ಹಾದಿ ಒಂದೇ ಬಗೆಯದು.

ಪರೀಕ್ಷೆಯ ವಿಷಯಕ್ಕೆ ಬರೋಣ. ನೀರಿನಲ್ಲಿ ಇರಬಹುದಾದ ಎಲ್ಲ ರೋಗಾಣುಗಳನ್ನೂ ಒಂದೊಂದಾಗಿ ಹುಡುಕುವುದು ಕಷ್ಟವಾದ್ದರಿಂದ, ಪ್ರಯೋಗಾಲಯಗಳು ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ ಯಾವಾಗಲೂ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು ಹುಡುಕುತ್ತವೆ. ಅದು ಸಿಕ್ಕಿತೆಂದರೆ ಮಲ ನೀರಿಗೆ ಸೇರಿದೆ ಎಂದರ್ಥ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಅದು ಒಂದೂ ಇರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮಾದರಿಯನ್ನು ಪ್ರಯೋಗಾಲಯ ಕೊಡುವ ಕ್ರಿಮಿರಹಿತ ಬಾಟಲಿಯಲ್ಲೇ ಹಿಡಿಯಬೇಕು, ಮುಚ್ಚಳದ ಒಳಭಾಗವನ್ನು ಬೆರಳಿನಿಂದ ಮುಟ್ಟಬಾರದು, ತಂಪಾಗಿ ಇಟ್ಟು ಸಾಧ್ಯವಾದರೆ ಆರು ಗಂಟೆಯೊಳಗೆ, ತಪ್ಪಿದರೆ 24 ಗಂಟೆಯೊಳಗೆ ತಲುಪಿಸಬೇಕು. ಪ್ರಯೋಗಾಲಯ ದೂರವಿದ್ದವರಿಗೆ ಹೈಡ್ರೋಜನ್ ಸಲ್ಫೈಡ್ ಬಾಟಲಿ ಪರೀಕ್ಷೆ ಇದೆ. ನೀರು ಕಪ್ಪಾದರೆ ಮಲದ ಸೋಂಕಿನ ಶಂಕೆ ಇದೆ ಎಂದರ್ಥ. 1982ರಲ್ಲಿ ಭಾರತದ ವಿಜ್ಞಾನಿಗಳು ಪ್ರಕಟಿಸಿದ ಈ ಸರಳ ವಿಧಾನವನ್ನು ಇಂದು ಅನೇಕ ದೇಶಗಳಲ್ಲಿ ಬಳಸುತ್ತಾರೆ.

ಪರೀಕ್ಷೆ ಮಾಡಿಸುವವರೂ ಬಹುಮಟ್ಟಿಗೆ ಮಾಡಿಸುವುದು ಆಕಾಶ ತಿಳಿಯಾಗಿರುವ, ನೀರೂ ತಿಳಿಯಾಗಿರುವ, ಓಡಾಟಕ್ಕೆ ಅನುಕೂಲವಾದ ಒಂದು ದಿನ. ಅಂದಿನ ಫಲಿತಾಂಶ ಅಂದಿನ ನೀರಿಗೆ ಸೇರಿದ್ದು. ಒರತೆಯನ್ನು ಅದರ ಅತ್ಯಂತ ಕೆಟ್ಟ ದಿನದಲ್ಲಿ ಪರೀಕ್ಷಿಸಬೇಕು, ಅಂದರೆ ಒಣಗಾಲ ಮುಗಿದು ಮೊದಲ ಜೋರು ಮಳೆ ಸುರಿದಾಗ. ಮೇಲೆ ತಿಂಗಳುಗಟ್ಟಲೆ ಸೇರಿಕೊಂಡದ್ದೆಲ್ಲ ಆ ಮಳೆಯಲ್ಲಿ ಒಮ್ಮೆಗೇ ತೊಳೆದು ಇಳಿಯುತ್ತದೆ. ಆ ದಿನವೂ ಶುದ್ಧವಾಗಿ ಬಂದ ನೀರಿನ ಮೇಲೆ ಇಡುವ ವಿಶ್ವಾಸಕ್ಕೆ ಒಂದು ಆಧಾರವಿದೆ.

ರೋಗಾಣುಗಳ ಜೊತೆಗೆ ಕರಗಿದ ಪದಾರ್ಥಗಳನ್ನೂ ಒಮ್ಮೆ ಪರೀಕ್ಷಿಸಬೇಕು. ಫ್ಲೋರೈಡ್ ಮತ್ತು ಆರ್ಸೆನಿಕ್ ಬರುವುದು ಹೆಚ್ಚಾಗಿ ಶಿಲೆಯಿಂದಲೇ, ನೈಟ್ರೇಟ್ ಬರುವುದು ಗೊಬ್ಬರದಿಂದ ಮತ್ತು ಕೊಳಚೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಪ್ರತಿ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ. ಇವು ಯಾವುವೂ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವುಗಳ ಸಾಂದ್ರತೆ ತುಸು ಏರುತ್ತದೆ.

ಪರೀಕ್ಷೆ ಆಗಿಲ್ಲದ, ಅಥವಾ ಆಗಿಯೂ ಅನುಮಾನ ಉಳಿದಿರುವ ನೀರನ್ನು ಕುಡಿಯಲೇಬೇಕಾದಾಗ ಕುದಿಸುವುದೇ ಎಲ್ಲಕ್ಕಿಂತ ನಂಬಲರ್ಹವಾದ ದಾರಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು; 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಬೇಕೆಂಬುದು ರೂಢಿಯ ಸಲಹೆ. ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, 3,000 ಮೀಟರ್ ಎತ್ತರದಲ್ಲಿ ಅದು ಸುಮಾರು 90 ಡಿಗ್ರಿ. ಕರುಳಿನ ರೋಗಾಣುಗಳು 70 ಡಿಗ್ರಿಗಿಂತ ಮೇಲೆ ಬಹಳ ಬೇಗ ಸಾಯುವುದರಿಂದ, ಬೆಟ್ಟದ ಮೇಲೆ ನೀರು ಕುದಿಸಿ ಪ್ರಯೋಜನವಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ.

ಕ್ಲೋರಿನ್ ಬಳಸುವುದಾದರೆ ನೀರು ತಿಳಿಯಾಗಿರಬೇಕು, ಹಾಕಿದ ಮೇಲೆ 30 ನಿಮಿಷ ಕಾಯಬೇಕು, ಮಾತ್ರೆ ಅಥವಾ ದ್ರಾವಣದ ಪೊಟ್ಟಣದ ಮೇಲೆ ಬರೆದ ಪ್ರಮಾಣವನ್ನು ಮೀರಬಾರದು. ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳ ಮೇಲೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಗೆ ಅದು ಬಹುತೇಕ ತಾಗುವುದೇ ಇಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ, ಕ್ಲೋರಿನ್ ಹಾಕಿದ ನಗರದ ನೀರಿನಿಂದಲೇ ಸುಮಾರು 4 ಲಕ್ಷ ಜನರಿಗೆ ಬೇಧಿ ಹತ್ತಿದ್ದು ಈ ಜೀವಿಯಿಂದ. ಕೈಯಲ್ಲಿ ಹಿಡಿದೊಯ್ಯುವ ಫಿಲ್ಟರುಗಳ ಕಥೆ ಇದಕ್ಕೆ ತಿರುಗಾಮುರುಗಾ: 0.2 ಮೈಕ್ರಾನ್ ರಂಧ್ರಗಳ ಫಿಲ್ಟರು 4ರಿಂದ 6 ಮೈಕ್ರಾನ್ ಗಾತ್ರದ ಆ ಜೀವಿಯನ್ನೂ ಬ್ಯಾಕ್ಟೀರಿಯಾಗಳನ್ನೂ ಹಿಡಿದು ನಿಲ್ಲಿಸುತ್ತದೆ, ಅದಕ್ಕಿಂತ ಎಷ್ಟೋ ಸಣ್ಣದಾದ ವೈರಸ್‌ಗಳನ್ನು ಬಿಟ್ಟುಬಿಡುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದ ಕದಡು ಕಡಿಮೆಯಾಗುತ್ತದೆ, ಅಷ್ಟೇ.

ನೀರು ತುಂಬಿಕೊಳ್ಳುವ ಪಾತ್ರೆಯ ಬಗ್ಗೆ ಜನ ಹೆಚ್ಚು ಯೋಚಿಸುವುದಿಲ್ಲ. ಒರತೆಯಲ್ಲಿ ಶುದ್ಧವಾಗಿದ್ದ ನೀರು ಮನೆಯ ಲೋಟ ಸೇರುವಷ್ಟರಲ್ಲಿ ಕೆಡುವುದು ಅನೇಕ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ, ಮತ್ತು ಅದಕ್ಕೆ ಕಾರಣ ಬಹುಪಾಲು ಕೈಗಳು. ಅಗಲ ಬಾಯಿಯ ಪಾತ್ರೆಗೆ ಲೋಟ ಅದ್ದಿದಾಗ ಬೆರಳೂ ಅದ್ದುತ್ತದೆ. ಕಿರಿದಾದ ಬಾಯಿ, ಬಿಗಿಯಾದ ಮುಚ್ಚಳ, ಕೆಳಗೊಂದು ನಲ್ಲಿ ಇರುವ ಪಾತ್ರೆ ಮೇಲು. ರಾಸಾಯನಿಕವನ್ನೋ ಎಣ್ಣೆಯನ್ನೋ ತುಂಬಿದ್ದ ಕ್ಯಾನುಗಳನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಬಾರದು. ತುಂಬಿಸುವಾಗ ಕೊಳವೆಯ ತುದಿ ಪಾತ್ರೆಯ ಬಾಯಿಗೆ ತಾಗದಿರಲಿ, ಮೊದಲ ಸ್ವಲ್ಪ ನೀರಿನಿಂದ ಪಾತ್ರೆಯನ್ನು ಗಲಬರಿಸಿ ಚೆಲ್ಲಿರಿ, ತುಂಬಿದ್ದನ್ನು ಬಿಸಿಲಿಗೆ ಇಡದೆ ಕೆಲವೇ ದಿನಗಳಲ್ಲಿ ಬಳಸಿ ಮುಗಿಸಿ. ಇನ್ನೊಂದು ಮಾತು, ಇದು ನೀರಿಗೆ ಸೇರಿದ್ದಲ್ಲದಿದ್ದರೂ ಹೇಳಲೇಬೇಕು: ತಿರುವಿನಲ್ಲಿ ವಾಹನ ನಿಲ್ಲಿಸಿ ರಸ್ತೆ ದಾಟಬೇಡಿ, ಮತ್ತು ಜೋರು ಮಳೆಯ ಹೊತ್ತಿನಲ್ಲಿ ಕಡಿದ ಗುಡ್ಡದ ಬುಡದಲ್ಲಿ ಸರದಿ ನಿಲ್ಲಬೇಡಿ. ನೀರು ಜಿನುಗುವ ಇಳಿಜಾರು ಕುಸಿಯುವ ಸಂಭವವೂ ಹೆಚ್ಚು.

ಒರತೆಯಿಂದ ತೆಗೆದುಕೊಳ್ಳುವವರು ಅದಕ್ಕೆ ಏನನ್ನು ಹಿಂದಿರುಗಿಸಬಹುದು ಎಂಬುದೂ ನನ್ನನ್ನು ಬಹಳ ಕಾಡುವ ವಿಷಯ. ಒರತೆಯ ಬಾಯಿಗೆ ಮುಚ್ಚಿದ ಒಂದು ಸಣ್ಣ ಗಾರೆಯ ತೊಟ್ಟಿ, ಮೇಲ್ಗಡೆ ಮಳೆನೀರನ್ನು ಪಕ್ಕಕ್ಕೆ ತಿರುಗಿಸುವ ಒಂದು ಕಾಲುವೆ, ದನಕರುಗಳು ಬಾರದಂತೆ ಒಂದು ಬೇಲಿ, ಇಷ್ಟರಿಂದಲೇ ಬಾಯಿಯ ಬಳಿ ಆಗುವ ಮಾಲಿನ್ಯ ಬಹಳಷ್ಟು ತಪ್ಪುತ್ತದೆ. ಆದರೆ ಒರತೆ ಬದುಕುವುದು ಇಂಗುವ ನೆಲದಿಂದ. ಸಿಕ್ಕಿಂ ರಾಜ್ಯದಲ್ಲಿ 2008ರಿಂದ ನಡೆದ ಧಾರಾ ವಿಕಾಸ ಎಂಬ ಕಾರ್ಯಕ್ರಮದಲ್ಲಿ, ಶಿಲೆಯ ಪದರಗಳು ಯಾವ ಕಡೆ ವಾಲಿವೆ ಎಂಬುದನ್ನು ಭೂವಿಜ್ಞಾನದ ನೆರವಿನಿಂದ ಗುರುತಿಸಿ, ಇಳಿಜಾರಿನಲ್ಲಿ ಇಂಗುಗುಂಡಿ ಮತ್ತು ಕಂದಕಗಳನ್ನು ತೋಡಿ, ಬತ್ತುತ್ತಿದ್ದ ಒರತೆಗಳಿಗೆ ಜೀವ ತುಂಬುವ ಕೆಲಸ ಮಾಡಿದರು. ಪದರಗಳ ವಾಲುವಿಕೆಯನ್ನು ನೋಡದೆ ಗುಂಡಿ ತೋಡಿದರೆ ಆ ನೀರು ಬೆಟ್ಟದ ಇನ್ನೊಂದು ಮಗ್ಗುಲಿಗೆ ಹೋಗಿಬಿಡಬಹುದು. ಲೌಸೆನ್‌ಗೆ ರೋಗ ತಂದದ್ದೂ ಸಿಕ್ಕಿಂನ ಒರತೆಗಳಿಗೆ ನೀರು ತಂದದ್ದೂ ಬೆಟ್ಟದೊಳಗಿನ ಇಂಥ ಕಾಣದ ಹಾದಿಗಳೇ.

ಒರತೆಯ ಎದುರಿಗೆ ವಾಹನ ತೊಳೆಯುವುದು, ಸೋಪು ಹಚ್ಚಿ ಬಟ್ಟೆ ಒಗೆಯುವುದು, ಬಾಟಲಿ ಎಸೆಯುವುದು, ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತುಂಬಿ ಹೆಚ್ಚಾದ ನೀರು ಕೆಳಗಿನ ಹಳ್ಳಕ್ಕೆ ಹರಿಯಲಿ. ಅಲ್ಲಿನ ಜೀವಗಳಿಗೆ ಅದೇ ಆಸರೆ. ಇಡೀ ಧಾರೆಯನ್ನು ಟ್ಯಾಂಕಿಗೆ ಹಿಡಿದು ಸಾಗಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಉಪನ್ಯಾಸದ ಬಳಿಕ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇನೆ.

ನೀರಿನಲ್ಲಿ ಕಪ್ಪೆ, ಏಡಿಗಳು ಇದ್ದರೆ ಅದು ಶುದ್ಧವೆಂದು ತಿಳಿಯಬಹುದೇ ಎಂದು ಒಬ್ಬರು ಕೇಳಿದರು. ಆ ನೀರಿನಲ್ಲಿ ತಕ್ಷಣ ಕೊಲ್ಲುವ ವಿಷ ಇಲ್ಲ ಎಂದು ತಿಳಿಯಬಹುದು. ಮನುಷ್ಯನಿಗೆ ಬೇಧಿ ತರುವ ರೋಗಾಣು ಏಡಿಗೆ ಏನೂ ಮಾಡದಿರಬಹುದಾದ್ದರಿಂದ ಅದಕ್ಕಿಂತ ಹೆಚ್ಚಿನದನ್ನು ತಿಳಿಯಲಾಗುವುದಿಲ್ಲ.

ಒರತೆಯ ಕೆಳಗೆ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಾಣುತ್ತದೆ, ಅದು ಡೀಸೆಲ್ ಇರಬಹುದೇ ಎಂಬುದು ಇನ್ನೊಬ್ಬರ ಪ್ರಶ್ನೆ. ಒಂದು ಕಡ್ಡಿಯಿಂದ ಅದನ್ನು ಕದಲಿಸಿ ನೋಡಿ. ಚೂರುಚೂರಾಗಿ ಒಡೆದು ಹಾಗೇ ಉಳಿದರೆ ಕಬ್ಬಿಣದ ಅಂಶವನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳ ಪೊರೆ. ಅದು ಪ್ರಕೃತಿಸಹಜ, ಸಾಮಾನ್ಯವಾಗಿ ಪಕ್ಕದಲ್ಲೇ ತುಕ್ಕಿನ ಬಣ್ಣದ ಲೋಳೆಯೂ ಇರುತ್ತದೆ. ಕಡ್ಡಿ ತೆಗೆದೊಡನೆ ಸುಳಿಯುತ್ತ ಮತ್ತೆ ಕೂಡಿಕೊಂಡರೆ ಅದು ಎಣ್ಣೆ, ಆ ನೀರನ್ನು ಮುಟ್ಟಬೇಡಿ.

ಹಸುಗೂಸಿನ ಹಾಲಿನ ಪುಡಿಯನ್ನು ಒರತೆಯ ನೀರು ಕುದಿಸಿ ಕಲಸಬಹುದೇ ಎಂದು ತಾಯಿಯೊಬ್ಬರು ಕೇಳಿದರು. ನೈಟ್ರೇಟ್ ಪರೀಕ್ಷೆ ಆಗುವ ತನಕ ಬೇಡವೆಂದೇ ಹೇಳಿದೆ. ನೈಟ್ರೇಟ್ ಹೆಚ್ಚಿದ್ದ ಬಾವಿನೀರಿನಲ್ಲಿ ಕಲಸಿದ ಆಹಾರದಿಂದ ಕೂಸುಗಳ ಮೈ ನೀಲಿಗಟ್ಟುವುದನ್ನು ಅಮೆರಿಕದ ವೈದ್ಯ ಹಂಟರ್ ಕಾಮ್ಲಿ 1945ರಲ್ಲೇ ವರದಿ ಮಾಡಿದ್ದರು. ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿ ಅಲ್ಲಿ ಕುಂದುತ್ತದೆ. ಮೊದಲ ಕೆಲವು ತಿಂಗಳ ಕೂಸುಗಳಿಗೆ ಇದರ ಅಪಾಯ ಹೆಚ್ಚು.

ಕೊನೆಯ ಪ್ರಶ್ನೆ ಕೇಳಿದ ಹಿರಿಯರು, ತಮ್ಮ ಒರತೆಯ ನೀರು ಪರೀಕ್ಷೆಯಲ್ಲಿ ಚೆನ್ನಾಗಿ ಬಂದಿದೆ, ಆ ಚೀಟಿಯನ್ನು ಎಷ್ಟು ಕಾಲ ನಂಬಬಹುದು ಎಂದರು. ಮಾದರಿ ತೆಗೆದದ್ದು ಮಳೆಗೆ ಮುಂಚೆಯೋ ಆಮೇಲೋ ಎಂದು ನಾನು ಮರುಪ್ರಶ್ನೆ ಕೇಳಬೇಕಾಯಿತು. ಮಳೆಗೆ ಮುಂಚೆ ಎಂದರು. ಹಾಗಿದ್ದರೆ ಮೊದಲ ಜೋರು ಮಳೆಯ ಮರುದಿನ ಇನ್ನೊಂದು ಮಾದರಿ ಕೊಡಿ, ಅದರ ಫಲಿತಾಂಶ ಕೈಸೇರುವ ತನಕ ಕುದಿಸಿಯೇ ಕುಡಿಯಿರಿ, ಅದೂ ಚೆನ್ನಾಗಿ ಬಂದರೆ ವರ್ಷಕ್ಕೊಮ್ಮೆ ಅದೇ ಹೊತ್ತಿನಲ್ಲಿ ಪರೀಕ್ಷೆ ಮಾಡಿಸುತ್ತಿರಿ, ಮತ್ತು ಮೇಲಿನ ಗುಡ್ಡದಲ್ಲಿ ಹೊಸ ಮನೆ, ಹೊಸ ಕೊಟ್ಟಿಗೆ ಅಥವಾ ಹೊಸ ರಸ್ತೆ ಬಂದ ದಿನ ಹಳೆಯ ಚೀಟಿಯನ್ನು ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ಪರೀಕ್ಷಿಸಿ ಎಂದು ಉತ್ತರಿಸಿದೆ.